ಮಿಲಿಟರಿ ಶಾಲೆಯವರು ಕೇಳಿದ ಪುರಾವೆ

ಹದಿನಾಲ್ಕು ವರ್ಷ ಪಾಠ ಮಾಡಿದ ಮೇಲೂ ನಾನು ಟೀಚರ್ ಹೌದೋ ಅಲ್ಲವೋ ಎಂದು ಸಾಬೀತು ಮಾಡಬೇಕಾಗಿ ಬಂತು, ಅದೂ ಒಂದು ಗಲ್ಫ್ ದೇಶದ ಮಿಲಿಟರಿಗೆ. ಅಲ್ಲಿ ಸೈನಿಕರ ಮಕ್ಕಳಿಗಾಗಿ ಸೇನೆಯೇ ನಡೆಸುವ ಶಾಲೆಗಳಿವೆ. ಮಾತು ತಡವಾದ, ಬುದ್ಧಿ ನಿಧಾನವಾದ, ಒಂದು ಕಡೆ ಕೂರಲಾಗದ ಮಕ್ಕಳಿಗೆ ಆ ಶಾಲೆಗಳಲ್ಲಿ ಪ್ರತ್ಯೇಕ ವಿಭಾಗವಿದೆ. ಅದಕ್ಕೆ ಹೊರದೇಶದ ವಿಶೇಷ ಶಿಕ್ಷಕರು ಬೇಕು ಎಂಬ ಜಾಹೀರಾತನ್ನು ನನ್ನ ಜೊತೆ ಬಿ.ಎಡ್. ಓದಿ ಈಗ ಅಲ್ಲೇ ಇರುವ ಗೆಳತಿ ವಾಟ್ಸಾಪಿನಲ್ಲಿ ಕಳಿಸಿದ್ದಳು. ಕೆಳಗೆ ಒಂದೇ ಸಾಲು: ‘ನಿನಗೆ ವಯಸ್ಸು ಮೀರುವ ಮೊದಲು ಹಾಕು.’ ವಯೋಮಿತಿ ನಲವತ್ತೈದು. ನನಗೆ ಆಗ ನಲವತ್ತೆರಡು. ಸ್ನೇಹಿತೆಯರಿಗೆ ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ.

ನನ್ನ ಕೆಲಸ ಎಂದರೆ ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಕಲಿಸುವುದು. ಊರು ಐವರ್ನಾಡು, ಕೆಲಸದ ಸಲುವಾಗಿ ಉಪ್ಪಿನಂಗಡಿಯಲ್ಲಿ ಒಂದು ಬಾಡಿಗೆ ಕೋಣೆ. ಮದುವೆಯಾಗಿಲ್ಲ. ಯಾಕೆ ಆಗಿಲ್ಲ ಎಂದು ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಕೂಡ ಕೇಳಿದ್ದಾರೆ. ಅವರಿಗೆ ಹೇಳದ್ದನ್ನು ಇಲ್ಲೂ ಹೇಳುವುದಿಲ್ಲ. ಪ್ರತಿ ವರ್ಷ ಶಾಲೆ ಶುರುವಾಗುವಾಗ ನನ್ನನ್ನು ಹೊಸದಾಗಿ ನೇಮಿಸುತ್ತಾರೆ, ಶಾಲೆ ಮುಗಿಯುವಾಗ ಬಿಡುಗಡೆ ಮಾಡುತ್ತಾರೆ. ಮಕ್ಕಳ ಹೆಸರು ಯಾವ ಶಾಲೆಯ ಪುಸ್ತಕದಲ್ಲಿದೆಯೋ ಆ ಶಾಲೆಯ ಹಾಜರಿಯಲ್ಲಿ ನನ್ನ ಹೆಸರಿಲ್ಲ. ಒಮ್ಮೆ ವಾರ್ಷಿಕೋತ್ಸವದ ದಿನ ಶಿಕ್ಷಕರೆಲ್ಲ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುವಾಗ ನಾನೂ ಹೋಗಿ ತುದಿಯಲ್ಲಿ ನಿಂತೆ. ‘ನೀವು ಸ್ವಲ್ಪ ಇದನ್ನು ಹಿಡ್ಕೊಳ್ತೀರಾ’ ಎಂದು ಯಾರೋ ಅವರ ಬ್ಯಾಗನ್ನು ನನ್ನ ಕೈಗೆ ಕೊಟ್ಟರು. ಹಿಡಿದುಕೊಂಡೆ. ಆ ಫೋಟೋ ಈಗಲೂ ಆ ಶಾಲೆಯ ಗೋಡೆಯ ಮೇಲಿದೆ, ನಾನು ಅದರಲ್ಲಿ ಇಲ್ಲ.

ಹಾಗಾಗಿ ನನಗೆ ಗಲ್ಫಿನ ಆಸೆ ಇತ್ತೆಂದು ಯಾರಾದರೂ ಹೇಳಿದರೆ ಅದು ಅರ್ಧ ಸತ್ಯ. ನನಗೆ ಆ ಜಾಹೀರಾತಿನ ತಲೆಬರಹದಲ್ಲಿದ್ದ ‘ವಿಶೇಷ ಶಿಕ್ಷಕಿ’ ಎಂಬ ಹುದ್ದೆ ಬೇಕಿತ್ತು. ನನ್ನ ಹೆಸರಿನ ಮುಂದೆ ಅದು ಒಂದು ಸಲವಾದರೂ ಮೊಹರಿನ ಸಮೇತ ಬೀಳಬೇಕು ಎಂದು ಹಟ ಹುಟ್ಟಿತ್ತು.

ಅರ್ಹತೆಗಳ ಪಟ್ಟಿ ಉದ್ದ ಇತ್ತು. ಬಿ.ಎಡ್. ಪದವಿ, ವಿಶೇಷ ಶಿಕ್ಷಕರ ಚಾಲ್ತಿ ನೋಂದಣಿ, ಐದು ವರ್ಷದ ಅನುಭವ, ಪೊಲೀಸರಿಂದ ಒಳ್ಳೆಯ ನಡತೆಯ ಪತ್ರ. ಅಂಕಪಟ್ಟಿಗಳಿಗೆ ಬೆಂಗಳೂರಿನಲ್ಲೊಂದು ಮೊಹರು, ದೆಹಲಿಯಲ್ಲೊಂದು, ಕೊನೆಗೆ ಆ ದೇಶದ ರಾಯಭಾರ ಕಚೇರಿಯಲ್ಲಿ ಇನ್ನೊಂದು. ನನ್ನ ಅಂಕಪಟ್ಟಿಗಳು ನನಗಿಂತ ಮೊದಲೇ ವಿಮಾನ ಹತ್ತಿದವು. ಠಾಣೆಯಲ್ಲಿ ಪೇದೆಯೊಬ್ಬರು ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿ, “ಮಿಲಿಟರಿ ಶಾಲೆ ಅಂದ್ರೆ ಎಂತ ಟೀಚರೇ? ಕೋವಿ ಬಿಡ್ಲಿಕ್ಕೆ ಕಲಿಸುದಾ?” ಎಂದು ಕೇಳಿದರು.

“ಅಲ್ಲ, ಅಂಗಿಯ ಬಟನ್ ಹಾಕ್ಲಿಕ್ಕೆ ಕಲಿಸುದು. ಅದು ಕೋವಿಗಿಂತ ಕಷ್ಟ ಉಂಟು” ಎಂದೆ. ಅವರು ನಕ್ಕು ಮೊಹರು ಒತ್ತಿದರು.

ಅನುಭವ ಪತ್ರದ್ದು ಮಾತ್ರ ನಗುವ ವಿಷಯ ಆಗಲಿಲ್ಲ. ಇಲಾಖೆಯಲ್ಲಿ ನಮ್ಮ ಮೇಲಿನ ಅಧಿಕಾರಿ ಒಳ್ಳೆಯವರೇ. ಆದರೆ ಕಾಗದದ ವಿಷಯದಲ್ಲಿ ಪುಕ್ಕಲು. “ನೀವು ಪಾಠ ಮಾಡುದು ನನಗೆ ಗೊತ್ತಿಲ್ವಾ ಮಾರಾಯ್ರೆ? ಆದ್ರೆ ಆರ್ಡರಿನಲ್ಲಿ ಸ್ವಯಂಸೇವಕಿ ಅಂತ ಉಂಟು. ನಾನು ಶಿಕ್ಷಕಿ ಅಂತ ಬರೆದ್ರೆ ನಾಳೆ ನನ್ನ ಕುತ್ತಿಗೆಗೆ ಬರ್ತದೆ” ಎಂದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹದಿನಾಲ್ಕು ವರ್ಷದ ಪಾಠದ ಡೈರಿಗಳನ್ನು ಎರಡು ಚೀಲದಲ್ಲಿ ಹೊತ್ತುಕೊಂಡು ಹೋಗಿ ಅವರ ಮೇಜಿನ ಮೇಲೆ ಇಟ್ಟು, ಇವನ್ನೆಲ್ಲ ಯಾರು ಬರೆದದ್ದು ಎಂದು ಕೇಳಿದೆ. ಅವರು ಬೆವರೊರೆಸಿಕೊಂಡು, ‘ಸ್ವಯಂಸೇವಕಿಯಾಗಿ ಮಕ್ಕಳಿಗೆ ಪಾಠ ಮಾಡಿರುತ್ತಾರೆ’ ಎಂದು ಬರೆದುಕೊಟ್ಟರು. ಅಷ್ಟಾದರೂ ಆಯಿತಲ್ಲ ಎಂದು ಬಂದೆ.

ಪಟ್ಟಿಯ ಕೊನೆಯಲ್ಲಿ ಒಂದು ಪುರಾವೆ ಕೇಳಿದ್ದರು. ಒಂದು ಮಗುವಿಗೆ ನೀವು ಹಾಕಿಕೊಟ್ಟ ಕಲಿಕೆಯ ಯೋಜನೆ, ಆರು ತಿಂಗಳಿಗೆ ಕಡಿಮೆಯಿಲ್ಲದ ದಾಖಲೆಯ ಹಾಳೆಗಳು, ಮತ್ತು ಕಲಿತದ್ದನ್ನು ಮಗು ಯಾರ ಸಹಾಯವೂ ಇಲ್ಲದೆ ಮಾಡಿ ತೋರಿಸುವ ಐದು ನಿಮಿಷದ ವಿಡಿಯೋ. ಹೆತ್ತವರ ಒಪ್ಪಿಗೆ ಸಹಿ ಬೇಕು. ನಾನು ಕೊಯಿಲ ಎಂಬ ಊರಿನ ಹುಡುಗಿಯೊಬ್ಬಳನ್ನು ಆರಿಸಿಕೊಂಡೆ.

ಅವಳಿಗೆ ಹನ್ನೊಂದು ವರ್ಷ. ಮಾತು ಬಹಳ ಕಡಿಮೆ. ‘ಬಾ’, ‘ಕೊಡು’, ‘ಬೇಡ’ ಇಷ್ಟರಲ್ಲಿ ಅವಳ ದಿನ ಕಳೆಯುತ್ತಿತ್ತು. ಮನೆಯಲ್ಲಿ ನಾಲ್ಕು ಜನ: ಅಜ್ಜಿ, ಅಪ್ಪ, ಅಮ್ಮ, ಇವಳು. ಅಪ್ಪ ರಬ್ಬರ್ ಟ್ಯಾಪಿಂಗಿಗೆ ಹೋಗಿ ಊಟದ ಹೊತ್ತಿಗೆ ಮನೆಗೆ ಬರುತ್ತಿದ್ದರು. ಅಮ್ಮ, ಅಜ್ಜಿ ಇಬ್ಬರೂ ಮಡಿಲಲ್ಲಿ ತಡ್ಪೆ ಎಂಬ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಒಂದು, ಎರಡು ಎಂದು ಬಾಯಿಪಾಠ ಮಾಡಿಸುವುದರಲ್ಲಿ ನನಗೆ ನಂಬಿಕೆ ಇಲ್ಲ. ಎಣಿಕೆ ಎಂದರೆ ಒಬ್ಬರಿಗೆ ಒಂದು ಎಂದು ಮಗುವಿಗೆ ತಿಳಿಯಬೇಕು. ಅದಕ್ಕಾಗಿ ವಾರಕ್ಕೆ ಎರಡು ದಿನ ಮಧ್ಯಾಹ್ನ ಊಟಕ್ಕೆ ಮೊದಲು ಅವಳ ಮನೆಗೆ ಹೋಗಿ, ಅಡುಗೆಮನೆಯ ಕಪಾಟಿನಿಂದ ಊಟದ ಬಟ್ಟಲು ತರಿಸಿ ಗೋಡೆಯ ಬದಿಯಲ್ಲಿ ಸಾಲಾಗಿ ಇಡಿಸುತ್ತಿದ್ದೆ. ಯೋಜನೆಯಲ್ಲಿ ನಾನು ಬರೆದ ಗುರಿ ಹೀಗಿತ್ತು: ‘ಮನೆಯ ನಾಲ್ಕು ಮಂದಿಗೆ ನಾಲ್ಕು ಬಟ್ಟಲು ಇಡುವಳು. ಐದು ಸಲದಲ್ಲಿ ನಾಲ್ಕು ಸಲ ಸರಿಯಾಗಿ ಮಾಡುವಳು.’

ಅವಳು ಐದು ಬಟ್ಟಲು ಇಡುತ್ತಿದ್ದಳು. ಇವತ್ತು ಐದು, ಶುಕ್ರವಾರ ಐದು, ಮುಂದಿನ ವಾರವೂ ಐದು. ನಾನು ಹಾಳೆಯಲ್ಲಿ ‘ತಪ್ಪು, ಒಂದು ಹೆಚ್ಚು’ ಎಂದು ಬರೆಯುತ್ತಿದ್ದೆ. ಪ್ರತಿಯೊಬ್ಬರ ಹೆಸರು ಹೇಳಿ, ಅವರವರ ಜಾಗಕ್ಕೆ ಬೆರಳು ತೋರಿಸಿ ಕಲಿಸಿದೆ. ಅವಳು ತಲೆಯಾಡಿಸಿ, ಒಳಗೆ ಹೋಗಿ, ಐದು ತರುತ್ತಿದ್ದಳು. ಎಂಟು ತಿಂಗಳಲ್ಲಿ ಮೂರೇ ಮೂರು ದಿನ ನಾಲ್ಕು ಇಟ್ಟಳು. ಆ ಮೂರು ದಿನ ನಾನು ‘ಸರಿ’ ಎಂದು ಗುರುತು ಹಾಕಿ, ಅವಳ ಕೈಗೆ ನಕ್ಷತ್ರದ ಸ್ಟಿಕ್ಕರ್ ಅಂಟಿಸಿ, ಚಪ್ಪಾಳೆ ತಟ್ಟಿದ್ದೆ. ಅವಳು ಸ್ಟಿಕ್ಕರನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದ್ದಳು.

ಇಲ್ಲಿ ನನ್ನದೊಂದು ಅಭ್ಯಾಸ ಹೇಳಬೇಕು. ಮನೆಮನೆಗೆ ಹೋಗುವ ನಮ್ಮಂಥವರು ಹೋದಲ್ಲಿ ಬೆಲ್ಲ ನೀರು ಕುಡಿಯುತ್ತೇವೆ, ಊಟ ಮಾಡುವುದಿಲ್ಲ. ಮೊದಲ ವರ್ಷ ಒಂದು ಮನೆಯಲ್ಲಿ ಉಂಡಿದ್ದೆ. ನಾನು ಬರುತ್ತೇನೆಂದು ಅವರು ಪ್ರತಿ ಸಲ ಮೀನು ತರತೊಡಗಿದರು, ಪಾಠಕ್ಕಿಂತ ಅಡುಗೆ ದೊಡ್ಡದಾಯಿತು. ಅಂದಿನಿಂದ ಎಲ್ಲೇ ಹೋಗಲಿ, ಮನೆಯವರು ಏಳುವ ಮೊದಲೇ ‘ನನ್ನದು ಊಟ ಆಯ್ತು’ ಎಂದುಬಿಡುತ್ತೇನೆ. ಹೆಚ್ಚಿನ ದಿನ ಅದು ಸುಳ್ಳು. ಬುತ್ತಿ ಬ್ಯಾಗಿನಲ್ಲೇ ಇರುತ್ತಿತ್ತು, ಬಸ್ ಸ್ಟ್ಯಾಂಡಿನಲ್ಲಿ ಬಿಚ್ಚುತ್ತಿದ್ದೆ. ಯಾರಿಗೂ ಹೊರೆಯಾಗಬಾರದು ಎಂದು ಮಾಡಿಕೊಂಡ ನಿಯಮ ಅದು, ನನಗೆ ಅದರ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಇನ್ನೊಂದು ಅಭ್ಯಾಸ ನನ್ನೊಬ್ಬಳದ್ದಲ್ಲ, ನಮ್ಮ ಕಡೆಯದ್ದು. ಗಲ್ಫಿಗೆ ಹೋಗುವವರು ಟಿಕೇಟು ಕೈಗೆ ಬರುವವರೆಗೆ ಬಾಯಿ ಬಿಡುವುದಿಲ್ಲ. ಹೇಳಿದರೆ ದೃಷ್ಟಿ ತಾಗಿ ಕೆಲಸ ಕೆಡುತ್ತದೆ ಎಂದು. ಓದಿದವಳು ನಾನು, ಇದನ್ನೆಲ್ಲ ಗೇಲಿ ಮಾಡಿಕೊಂಡೇ ಬಂದವಳು, ನನ್ನ ಸರದಿ ಬಂದಾಗ ಅಣ್ಣನಿಗೂ ಹೇಳಲಿಲ್ಲ. ಹುಡುಗಿಯ ತಾಯಿಯ ಹತ್ತಿರ ಸಹಿ ಕೇಳುವಾಗಲೂ, “ನನ್ನ ಕೆಲಸದ ವಿಷಯಕ್ಕೆ ಒಂದು ವಿಡಿಯೋ ಬೇಕು” ಎಂದಷ್ಟೇ ಹೇಳಿದೆ.

ಅವರ ಮುಖ ಅರಳಿತು. “ಪರ್ಮನೆಂಟ್ ಆಗ್ತದಾ ಟೀಚರೇ?”

“ಆಗಬಹುದು.”

“ದೇವರು ದೊಡ್ಡವ. ಎಷ್ಟು ವರ್ಷ ಅಂತ ನೀವು ಹೀಗೆ ಅಲೆಯುದು. ಎಲ್ಲಿ ಸಹಿ ಹಾಕ್ಬೇಕು ಹೇಳಿ” ಎಂದು ಬೀಡಿ ಎಲೆಯ ಕೈಯನ್ನು ಸೆರಗಿಗೆ ಒರೆಸಿಕೊಂಡರು. ನಾನು ಕೆಲಸ ಖಾಯಂ ಆಗಿ ಇಲ್ಲೇ ಇರುತ್ತೇನೆಂದು ಅವರು ತಿಳಿದುಕೊಂಡರು ಎಂಬುದು ನನಗೆ ಚೆನ್ನಾಗಿ ಗೊತ್ತಾಯಿತು. ತಿದ್ದಲಿಲ್ಲ.

ವಿಡಿಯೋ ತೆಗೆಯುವ ದಿನ ಹುಡುಗಿಗೆ ಎರಡು ಜಡೆ ಹಾಕಿ ಅಬ್ಬಲಿಗೆ ಮುಡಿಸಿದ್ದರು. ಅಪ್ಪ ಕೂಡ ಅಂಗಿ ಬದಲಿಸಿ ಬಾಗಿಲ ಬಳಿ ನಿಂತಿದ್ದರು. ನಾನು ಫೋನನ್ನು ಕಿಟಕಿಯ ಮೇಲಿಟ್ಟು, ‘ಊಟಕ್ಕೆ ಬಟ್ಟಲು ಇಡು’ ಎಂದೆ. ಹುಡುಗಿ ಒಳಗೆ ಹೋದಳು. ಒಂದು ಬಟ್ಟಲು ತಂದಿಟ್ಟಳು. ಎರಡು. ಮೂರು. ನಾಲ್ಕು. ನಾಲ್ಕನೆಯದನ್ನು ಇಟ್ಟು ಅಮ್ಮನ ಮುಖ ನೋಡಿದಳು, ಆಮೇಲೆ ಬಂದು ತನ್ನ ಜಾಗದಲ್ಲಿ ಕೂತಳು. ನಾನು ವಿಡಿಯೋ ನಿಲ್ಲಿಸುವುದನ್ನೂ ಮರೆತು ಅವಳನ್ನು ಅಪ್ಪಿಕೊಂಡೆ. ಸಂತೋಷಕ್ಕೆ ನನಗೆ ಅಳುವೇ ಬಂದಿತ್ತು.

“ನಾನೇ ಅಭ್ಯಾಸ ಮಾಡಿಸಿದ್ದು ಟೀಚರೇ, ಹದಿನೈದು ದಿನ ಹಿಡಿಯಿತು” ಎಂದರು ತಾಯಿ. ಅವರಿಗೂ ಕಣ್ಣು ತುಂಬಿತ್ತು. “ನಿಮ್ಮದೊಂದು ಬಟ್ಟಲು ಇಡ್ತಿದ್ಲಲ್ಲ, ಅದನ್ನು ಬಿಡಿಸ್ಲಿಕ್ಕೆ ಸಾಕಾಯ್ತು ನನಗೆ. ಕಡೆಗೆ ಹೇಳಿದೆ, ಟೀಚರ್ ನಮ್ಮಲ್ಲಿ ಉಣ್ಣುದಿಲ್ಲ, ಅವರನ್ನು ಲೆಕ್ಕ ಹಿಡಿಬಾರ್ದು ಅಂತ.”

ಆಗ ನನಗೆ ತಿಳಿಯಿತು. ಮನೆಯಲ್ಲಿ ಊಟದ ಹೊತ್ತಿಗೆ ನಾಲ್ಕೇ ಜನ ಇರುತ್ತಿರಲಿಲ್ಲ. ಗೋಡೆಗೆ ಒರಗಿ, ಹಾಳೆ ಹಿಡಿದುಕೊಂಡು, ನಾನೂ ಕೂತಿರುತ್ತಿದ್ದೆ.

“ಅದು ನನ್ನ ಬಟ್ಟಲು ಅಂತ ನಿಮಗೆ ಮೊದಲೇ ಗೊತ್ತಿತ್ತಾ?” ಎಂದು ಕೇಳಿದೆ.

“ಗೊತ್ತಿಲ್ಲದೆ ಎಂತ? ನೀವು ಉಣ್ಣುದಿಲ್ಲ ಅಲ್ವಾ, ಅದಕ್ಕೇ ತಪ್ಪು ಅಂತ ಬರೀತೀರಿ ಅಂತ ಮಾಡಿದ್ದೆ. ನಮ್ಮಂಥವರ ಮನೆಯಲ್ಲಿ ಉಣ್ಣಿ ಅಂತ ನಾವು ಒತ್ತಾಯ ಮಾಡುದು ಹೇಗೆ?”

ಕೋಣೆಗೆ ಬಂದು ಹಾಳೆಗಳನ್ನೆಲ್ಲ ಹರಡಿಕೊಂಡು ಕೂತೆ. ನಾನು ಸ್ಟಿಕ್ಕರ್ ಅಂಟಿಸಿದ ಆ ಮೂರು ದಿನಗಳ ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ ಷರಾ ಇತ್ತು. ಎರಡು ದಿನ ಅಜ್ಜಿ ನೆಲ್ಯಾಡಿಯ ಮಗಳ ಮನೆಗೆ ಹೋಗಿದ್ದರು. ಒಂದು ದಿನ ಅಪ್ಪ ಊಟಕ್ಕೆ ಬಂದಿರಲಿಲ್ಲ. ಮೂರು ಜನ ಮನೆಯವರು, ಒಬ್ಬಳು ನಾನು. ನಾಲ್ಕು. ಆ ಮಗು ಮೊದಲ ತಿಂಗಳಿನಿಂದಲೇ ಸರಿಯಾಗಿ ಎಣಿಸುತ್ತಿತ್ತು, ಜನ ಕಡಿಮೆಯಾದರೆ ಬಟ್ಟಲನ್ನೂ ಕಡಿಮೆ ಮಾಡುತ್ತಿತ್ತು. ಎಣಿಸಲು ಬಾರದವಳು ನಾನು. ಅವಳು ನನ್ನನ್ನು ಎಂಟು ತಿಂಗಳು ಮನೆಯವಳೆಂದು ಲೆಕ್ಕ ಹಿಡಿದಳು, ನಾನು ಎಂಟು ತಿಂಗಳು ಅದನ್ನು ತಪ್ಪು ಎಂದು ಬರೆದೆ. ಎಲ್ಲರ ಲೆಕ್ಕದಲ್ಲೂ ನನ್ನನ್ನು ಬಿಡುತ್ತಾರೆ ಎಂದು ಹದಿನಾಲ್ಕು ವರ್ಷ ಕೊರಗಿದವಳಿಗೆ, ಬಿಡದವಳೊಬ್ಬಳು ಎದುರಿಗಿದ್ದದ್ದು ಕಾಣಲಿಲ್ಲ. ನಾಚಿಕೆಯಿಂದ ನನಗೆ ಆ ಸಂಜೆ ಬುತ್ತಿ ಬಿಚ್ಚುವ ಮನಸ್ಸಾಗಲಿಲ್ಲ.

ಅರ್ಜಿ ಕಳಿಸಲು ಇನ್ನೊಂದೇ ದಿನ ಉಳಿದಿತ್ತು. ವಿಡಿಯೋದಲ್ಲಿ ಯಾವ ಕುಂದೂ ಇರಲಿಲ್ಲ. ಎಂಟು ತಿಂಗಳು ಬಾರದ್ದು ಕೊನೆಗೆ ಬಂತು ಎಂದು ನೋಡಿದವರಿಗೆ ಕಾಣುತ್ತಿತ್ತು. ಅವರು ಕೇಳಿದ ಪುರಾವೆಯೂ ಅದೇ. ದೊಡ್ಡ ಮನಸ್ಸಿನವಳಾಗಿದ್ದರೆ ಅರ್ಜಿಯನ್ನು ಅಲ್ಲಿಗೇ ಬಿಡುತ್ತಿದ್ದೆನೋ ಏನೋ. ಬಿಡಲಿಲ್ಲ. ಹಾಳೆಗಳನ್ನು ತಿದ್ದದೆ ಇದ್ದ ಹಾಗೇ ಸೇರಿಸಿ, ಒಂದು ಮಾತೂ ವಿವರಿಸದೆ ಕಳಿಸಿಬಿಟ್ಟೆ.

ಸಂದರ್ಶನ ಆನ್‌ಲೈನಿನಲ್ಲಿ. ನನ್ನ ಕೋಣೆಯಲ್ಲಿ ನೆಟ್‌ವರ್ಕ್ ನೆಚ್ಚುವ ಹಾಗಿರಲಿಲ್ಲ, ಪುತ್ತೂರಿನಲ್ಲಿರುವ ಸಹಪಾಠಿಯೊಬ್ಬಳ ಮನೆಯಲ್ಲಿ ಇಸ್ತ್ರಿ ಹಾಕಿದ ಸೀರೆ ಉಟ್ಟು ಲ್ಯಾಪ್‌ಟಾಪಿನ ಮುಂದೆ ಕೂತೆ. ಆ ಕಡೆ ಇಬ್ಬರು: ಸಮವಸ್ತ್ರದ ಅಧಿಕಾರಿಯೊಬ್ಬರು, ಮತ್ತು ಆ ವಿಭಾಗದ ಮುಖ್ಯಸ್ಥೆ, ಕನ್ನಡಕದ ವಯಸ್ಸಾದ ಹೆಂಗಸು. ಅಧಿಕಾರಿಗೆ ನಾನು ಎರಡು ವರ್ಷ ಬಿಡದೆ ಇರುತ್ತೇನೆಯೇ, ಸೆಕೆ ತಡೆಯುತ್ತೇನೆಯೇ ಎಂಬುದಷ್ಟೇ ಬೇಕಿತ್ತು. ಸೆಕೆಯ ವಿಷಯದಲ್ಲಿ ನಮ್ಮ ಕಡೆಯವರನ್ನು ಕೇಳುವುದೇ ಬೇಡ ಎಂದು ಹೇಳಬೇಕೆನಿಸಿತು, ಇಂಗ್ಲಿಷಿನಲ್ಲಿ ಅದು ಹೊರಡಲಿಲ್ಲ.

ಮುಖ್ಯಸ್ಥೆ ನನ್ನ ಹಾಳೆಗಳನ್ನು ತಿರುವುತ್ತಾ ಕೇಳಿದರು. ಎಣಿಕೆ ಬಾರದ ಮಗು ಒಂದು ದಿನ ಮೂರು ಇಡುತ್ತದೆ, ಒಂದು ದಿನ ಆರು ಇಡುತ್ತದೆ. ನಿಮ್ಮ ಹುಡುಗಿ ತಪ್ಪಿದಾಗಲೆಲ್ಲ ಒಂದೇ ಒಂದು ಹೆಚ್ಚು ಇಡುತ್ತಿದ್ದಳಲ್ಲ, ಅದಕ್ಕೆ ಏನು ಕಾರಣ?

ಉತ್ತರ ತಯಾರಿತ್ತು. ಹಂತ ಹಂತವಾಗಿ ಸಹಾಯವನ್ನು ಕಡಿಮೆ ಮಾಡಿದೆ, ಮನೆಯವರನ್ನು ಜೊತೆಗೆ ಸೇರಿಸಿಕೊಂಡೆ ಎಂದೆಲ್ಲ ಪುಸ್ತಕದ ಮಾತುಗಳನ್ನು ಕಂಠಪಾಠ ಮಾಡಿಕೊಂಡಿದ್ದೆ. ಬಾಯಿ ತೆರೆದಾಗ ಬಂದದ್ದು ಬೇರೆ. “ಕಾರಣ ನಾನು” ಎಂದೆ. ಐದನೆಯ ಬಟ್ಟಲು ನನ್ನದಾಗಿತ್ತು, ನಾನು ನನ್ನನ್ನು ಎಣಿಸಿರಲಿಲ್ಲ, ಗುರಿ ಬರೆಯುವಾಗಲೇ ತಪ್ಪು ಮಾಡಿದ್ದೆ, ಆ ವಿಡಿಯೋದಲ್ಲಿ ಹುಡುಗಿ ಹೊಸದಾಗಿ ಕಲಿತದ್ದು ಒಂದೇ, ನನ್ನನ್ನು ಬಿಟ್ಟು ಎಣಿಸುವುದು ಎಂದೆ. ನನ್ನ ಇಂಗ್ಲಿಷ್ ಅಲ್ಲಲ್ಲಿ ಎಡವಿತು. ಅವರು ಕನ್ನಡಕ ತೆಗೆದು ಸ್ವಲ್ಪ ಹೊತ್ತು ಏನೋ ಬರೆದುಕೊಂಡರು. ಕೆಲಸ ಹೋಯಿತು ಎಂದುಕೊಂಡು ಸಹಪಾಠಿ ಕೊಟ್ಟ ಚಹಾ ಕುಡಿದು ಬಸ್ಸು ಹತ್ತಿದೆ.

ಆಮೇಲಿನ ಎರಡು ತಿಂಗಳು ನಾನು ಕೊಯಿಲದ ಮನೆಯಲ್ಲಿ ಊಟ ಮಾಡಿದೆ. ಮೊದಲ ದಿನ ‘ನನಗೆ ಹಸಿವಾಗಿದೆ’ ಎಂದಾಗ ಅಜ್ಜಿ ಬೀಡಿಯ ತಡ್ಪೆ ಪಕ್ಕಕ್ಕಿಟ್ಟು ಎದ್ದ ರಭಸಕ್ಕೆ ತಂಬಾಕೆಲ್ಲ ಚೆಲ್ಲಿತು. ಕುಚ್ಚಲಕ್ಕಿ ಅನ್ನ, ಬಸಳೆ ಸಾರು, ಒಣಮೀನಿನ ಚಟ್ನಿ. ಊಟ ರುಚಿಯಾಗಿತ್ತು. ಆದರೆ ಹುಡುಗಿ ನಾಲ್ಕೇ ಬಟ್ಟಲು ಇಡುತ್ತಿದ್ದಳು. ಐದನೆಯದನ್ನು ತಾಯಿ ತಂದಿಟ್ಟರೆ ಅವಳು ಎದ್ದು ಅದನ್ನು ತೆಗೆದುಕೊಂಡು ಹೋಗಿ ಕಪಾಟಿನಲ್ಲಿ ಇಟ್ಟು ಬರುತ್ತಿದ್ದಳು. ಸಿಟ್ಟಿನಿಂದಲ್ಲ, ಹೇಳಿಕೊಟ್ಟದ್ದನ್ನು ಚಂದ ಮಾಡಿದೆನಲ್ಲ ಎಂಬ ಮುಖದಲ್ಲಿ. ಸ್ಟಿಕ್ಕರ್ ಇರಬಹುದೇ ಎಂದು ನನ್ನ ಬ್ಯಾಗನ್ನು ನೋಡುತ್ತಿದ್ದಳು. ನಾನು ಮತ್ತೆ ಮೊದಲಿನಿಂದ ಶುರು ಮಾಡಿದೆ. ಅಜ್ಜಿಗೆ ಒಂದು, ಅಪ್ಪನಿಗೆ ಒಂದು, ಅಮ್ಮನಿಗೆ, ನಿನಗೆ, ಟೀಚರಿಗೆ. ‘ಟೀಚರಿಗೆ’ ಎಂದಾಗ ಅವಳು ‘ಬೇಡ’ ಎನ್ನುತ್ತಿದ್ದಳು.

ಆಯ್ಕೆಯ ಪತ್ರ ಬಂದದ್ದು ಅಂಥ ಒಂದು ದಿನ, ಉಪ್ಪಿನಂಗಡಿಯಿಂದ ಅವರ ಮನೆಗೆ ಹೋಗುವ ದಾರಿಯಲ್ಲಿ. ಬಸ್ಸಿನಲ್ಲಿ ನಿಂತುಕೊಂಡೇ ಫೋನಿನಲ್ಲಿ ಓದಿದೆ. ನನ್ನ ಹೆಸರು, ಅದರ ಮುಂದೆ ವಿಶೇಷ ಶಿಕ್ಷಕಿ, ಕೆಳಗೆ ಮೊಹರು. ಖುಷಿಗೆ ಇನ್ನೊಮ್ಮೆ ಮೊದಲಿನಿಂದ ಓದಿದೆ. ಅದನ್ನು ಇಲ್ಲ ಎನ್ನುವುದಿಲ್ಲ, ಆ ಖುಷಿ ನನ್ನ ಪಾಲಿಗೆ ಬಹಳ ತಡವಾಗಿ ಬಂದದ್ದು. ಅಲ್ಲಿ ಶಾಲೆ ಶುರುವಾಗುವ ಮೊದಲು ಬಂದು ಸೇರಬೇಕು ಎಂದಿತ್ತು. ಒಂದು ತಿಂಗಳೂ ಇರಲಿಲ್ಲ.

ಟಿಕೇಟು ಇನ್ನೂ ಬಂದಿರಲಿಲ್ಲ. ಆದರೂ ಆ ದಿನ ಮುಚ್ಚಿಡಲು ಆಗಲಿಲ್ಲ. ಜಗಲಿಯಲ್ಲಿ ಕೂತು, ಬೆಲ್ಲ ನೀರು ಕುಡಿದು, ತಾಯಿಗೆ ಎಲ್ಲವನ್ನೂ ಹೇಳಿದೆ. ಕೆಲಸ ಸಿಕ್ಕಿದೆ, ಅದು ಇಲ್ಲಿಯದ್ದಲ್ಲ, ಆ ವಿಡಿಯೋ ಅದಕ್ಕೇ ಆಗಿತ್ತು, ಆವತ್ತೇ ಹೇಳಬೇಕಿತ್ತು, ಹೇಳಲಿಲ್ಲ. ಬೈಯಲಿ ಎಂದು ಕಾದೆ.

ಅವರು ಎಲೆ ಕತ್ತರಿಸುತ್ತಿದ್ದ ಕತ್ತರಿಯನ್ನು ನಿಲ್ಲಿಸಿದರು. “ಎಷ್ಟು ವರ್ಷ?”

“ಎರಡು. ಆಮೇಲೆ ಮುಂದುವರಿಸಲೂಬಹುದು.”

“ಅಲ್ಲಿ ನಿಮ್ಮನ್ನು ಸರಿಯಾದ ಟೀಚರ್ ಅಂತ ಇಟ್ಕೊಳ್ತಾರಲ್ಲ?”

“ಹೌದು.”

“ಹಾಗಾದ್ರೆ ಹೋಗಿ. ನಾವು ಮಾಡಿದ್ದು ಪ್ರಯೋಜನ ಆಯ್ತಲ್ಲ” ಎಂದು ಅವರು ಮುಖ ತಿರುಗಿಸದೆ ನಕ್ಕರು. ಎಷ್ಟು ಪ್ರಯತ್ನಪಟ್ಟು ನಕ್ಕರೆಂದು ನನಗೆ ಕಾಣುತ್ತಿತ್ತು. ಅಷ್ಟರಲ್ಲಿ ಒಳಗಿನಿಂದ ಬಟ್ಟಲುಗಳ ಸದ್ದು ಕೇಳಿಸಿತು. ಹುಡುಗಿ ಕರೆಯದೆಯೇ ಊಟಕ್ಕೆ ಸಾಲು ಹಾಕತೊಡಗಿದ್ದಳು. ಅಜ್ಜಿ ಬಂದು ಕೂತರು, ಅಪ್ಪ ಕೈಕಾಲು ತೊಳೆದು ಬಂದರು. ನಾಲ್ಕು ಬಟ್ಟಲು. ನಾನು ಅಭ್ಯಾಸದಂತೆ ಹಾಳೆ ಹೊರತೆಗೆದು, ಅವಳನ್ನು ಹತ್ತಿರ ಕರೆದು, ‘ಟೀಚರಿಗೆ?’ ಎಂದು ಕೇಳಲು ಹೊರಟಿದ್ದೆ. ತಾಯಿ ಮೆಲ್ಲಗೆ ನನ್ನ ಮೊಣಕೈ ಮುಟ್ಟಿದರು.

“ಇನ್ನು ಅದನ್ನು ಕಲಿಸುದು ಬೇಡ ಟೀಚರೇ” ಎಂದರು. “ನೀವು ಹೋದ ಮೇಲೆ ದಿನಾ ಐದು ಇಟ್ಕೊಂಡು ಕಾಯ್ತಾ ಕೂರ್ತಾಳೆ. ನಾಲ್ಕೇ ಇರ್ಲಿ. ಇನ್ನು ಅದೇ ಸರಿ ಅಲ್ವಾ?”

ಆ ಮಾತಿನಲ್ಲಿ ಕೊಂಕು ಹುಡುಕಿದೆ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಇವತ್ತು ನಾನು ಇಲ್ಲೇ ಇದ್ದೇನಲ್ಲ, ಇವತ್ತಿನ ಮಟ್ಟಿಗೆ ಐದು ಎನ್ನಬೇಕೆಂದು ಬಾಯಿಯ ತನಕ ಬಂತು. ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿದೆ. ಹಾಗೆ ಹೇಳುವ ಹಕ್ಕನ್ನು ನಾನು ಎಂಟು ತಿಂಗಳು ತಪ್ಪು ಎಂದು ಬರೆದು ಕಳೆದುಕೊಂಡಿದ್ದೆ.